ಕೈಗಡಿಯಾರ ಹರಣ ಮೀಮಾಂಸೆ: ಬಿ.ದುರ್ಗ ಪಾಠ

ವಾಚು ಕಳುವಾದ ಮೇಲೆ ಮಾಡಬೇಕಾದ ಕರ್ಮಗಳಿಗೆ ಅಧಿಕಾರಿ ಯಾರು ಎಂಬುದೇ ಈ ಶಾಸ್ತ್ರದ ಮೊದಲ ಪ್ರಶ್ನೆ. ವಾಚು ಇದ್ದವನಲ್ಲ, ಇತ್ತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯಲ್ಲಿ ಅಂಥ ಒಬ್ಬ ಅಡಿಕೆ ತೋಟದ ಯಜಮಾನರನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ವಾಚು ಎಚ್‌ಎಂಟಿ ಜನತಾ, ದಿನಕ್ಕೊಮ್ಮೆ ಕೀ ಕೊಡುವಂಥದ್ದು, ಮಾವ ಕೊಟ್ಟದ್ದು. ಬೋರ್‌ವೆಲ್ ನೀರಿಗೆ ಕೈಯೊಡ್ಡುವ ಮುನ್ನ ಬಿಚ್ಚಿ ಕಲ್ಲಿನ ಮೇಲಿಟ್ಟರು. ತಿರುಗಿ ನೋಡಿದರೆ ಕಲ್ಲು ಮಾತ್ರ ಇತ್ತು.

ಪ್ರಥಮ ಕರ್ಮ ಗುಮಾನಿ. ಇದರ ಕ್ರಮ ಪರಂಪರೆಯಿಂದ ಬಂದದ್ದು: ಮೊದಲು ಹೆಂಡತಿ, ಆಮೇಲೆ ಮೊಮ್ಮಗ, ಕಡೆಗೆ ಅಳಿಯ. ಅಳಿಯ ಅಂದು ದಾವಣಗೆರೆಯಲ್ಲೇ ಇದ್ದ ಎಂಬುದು ಬಾಧಕವಲ್ಲ.

ದ್ವಿತೀಯ ಕರ್ಮ ಅಂಜನ. ವೀಳ್ಯದೆಲೆಯ ಮೇಲಿನ ಕಾಡಿಗೆಯಲ್ಲಿ ಕಂಡ ಕಳ್ಳ ಯಾವಾಗಲೂ ಪರಿಚಯದವನೇ, ಎತ್ತರದ ಆಳೇ, ದಕ್ಷಿಣಕ್ಕೆ ಹೋದವನೇ. ಈ ಸೀಮೆಯಲ್ಲಿ ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಹತ್ತಿದವರಲ್ಲಿ ಬೆಂಗಳೂರಿಗೆ ಹೋಗುವವರೆಲ್ಲ ದಕ್ಷಿಣಕ್ಕೇ ಹೋಗುತ್ತಾರೆ.

ತೃತೀಯ ಕರ್ಮವಾದ ಠಾಣೆಯಲ್ಲಿ ಶಾಸ್ತ್ರ ಗಟ್ಟಿಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳ್ಳತನವನ್ನು 5,000 ರೂಪಾಯಿಯ ಗೆರೆಯಿಂದ ಇಬ್ಭಾಗ ಮಾಡಿದೆ. ಮಾಲಿನ ಬೆಲೆ ಅದಕ್ಕಿಂತ ಕಡಿಮೆಯಿದ್ದು, ಕಳ್ಳನಿಗೆ ಇದೇ ಮೊದಲ ಶಿಕ್ಷೆಯಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಅಂಥ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಯನ್ನೂ ಮಾಡುವಂತಿಲ್ಲ. ಅದೇ ವಾಚು ಮನೆಯೊಳಗಿನ ಮೊಳೆಯಿಂದ ಹೋಗಿದ್ದರೆ 305ನೇ ಕಲಮು, ಅಲ್ಲಿ ಬೆಲೆಯ ಗೆರೆಯೇ ಇಲ್ಲ. ಬೋರ್‌ವೆಲ್ ಕಲ್ಲಿಗೆ ಆ ಭಾಗ್ಯವಿಲ್ಲ.

ಹೀಗಾಗಿ ‘ಬೆಲೆ ಎಷ್ಟು ಯಜಮಾನ್ರೇ?’ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ‘ಬೆಲೆ ಕಟ್ಟಕ್ಕಾಗಲ್ಲ ಸಾರ್’ ಎಂಬುದು ಪೂರ್ವಪಕ್ಷ. ‘ನಮ್ಮಪ್ಪ ಮುನ್ನೂರು ಕೊಟ್ಟು ತಂದಿದ್ರು’ ಎಂದು ಹಿಂದೆ ನಿಂತ ಯಜಮಾನ್ತಿ ಹೇಳುವುದು ಖಂಡನೆ. ಇಲ್ಲಿ ಪಂಡಿತರಲ್ಲಿ ಒಡಕಿದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚುಗಳ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಕಾರ್ಖಾನೆ ಸತ್ತ ಮೇಲೆ ವಾಚಿಗೆ ಸಂಗ್ರಾಹಕರು ಹುಟ್ಟಿಕೊಂಡರು. ಆದ್ದರಿಂದ ಮಾವನ ಮುನ್ನೂರು ಈಗ ಎಷ್ಟೆಂಬುದು ಕೊಳ್ಳುವವನ ಹುಚ್ಚನ್ನು ಅವಲಂಬಿಸಿದೆ. (ಅದೇ ವರ್ಷ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೆಳೆಯರ ಉಡುಗೊರೆ ಎಂದ ಹ್ಯೂಬ್ಲೋ ವಾಚನ್ನು ಸರ್ಕಾರದ ಸ್ವತ್ತಾಗಿಸಿದರು. ವಾಚು ಎಲ್ಲಿಗೆ ಹೋಯಿತು ಎನ್ನುವುದಷ್ಟೇ ಅಲ್ಲ, ಎಲ್ಲಿಂದ ಬಂತು ಎನ್ನುವುದೂ ನಾಡಿನ ಚರ್ಚೆಯಾಗಬಲ್ಲದು.) ಕಳ್ಳ ಸಿಕ್ಕಿದರೆ ವಾಚು ಮೂರು ಕಾಸಿನದೆಂದು ಅವನ ವಕೀಲರು ವಾದಿಸುತ್ತಾರೆ. ಮಾವನ ಮರ್ಯಾದೆ ತೆಗೆಯುವ ಆ ಕೆಲಸವನ್ನು ಯಜಮಾನ್ತಿ ಆಗಲೇ ಮಾಡಿದ್ದಾರೆ.

ಇನ್ನು ಗುರುತು. ‘ಬಿಳಿ ಡಯಲ್ಲು, ಕರಿ ಪಟ್ಟಿ’ ಎಂದರೆ ಜಿಲ್ಲೆಯ ಅರ್ಧ ನಿವೃತ್ತ ಮೇಷ್ಟ್ರುಗಳನ್ನು ಬಂಧಿಸಬೇಕಾದೀತು. ಠಾಣೆಗೆ ಬೇಕಾದದ್ದು ವಾಚಿನ ಬೆನ್ನಿನ ನಂಬರು, ಬಿಲ್ಲು, ಇಲ್ಲವಾದರೆ ಒಂದು ಫೋಟೋ. ಯಜಮಾನರು ಜೀವಮಾನವಿಡೀ ವಾಚಿನ ಮುಖ ನೋಡಿದವರು. ಅದರ ಬೆನ್ನು ನೋಡಿದವನು ರಿಪೇರಿಯವನೊಬ್ಬನೇ. ಹಿಂದಿನ ಮುಚ್ಚಳದ ಒಳಬದಿಯಲ್ಲಿ ತಾರೀಖನ್ನೋ ತನಗಷ್ಟೇ ತಿಳಿಯುವ ಗೀಟನ್ನೋ ಸೂಜಿಮೊನೆಯಲ್ಲಿ ಕೆತ್ತುವುದು ಹಳೆಯ ರಿಪೇರಿಯವರ ಪದ್ಧತಿ. ಪೊಲೀಸರು ವಾಚು ವಶಪಡಿಸಿಕೊಂಡ ದಿನ ಮುಚ್ಚಳ ಬಿಚ್ಚಿಸಿದರೆ ಆ ಗೀಟು ನೂರು ಸಾಕ್ಷಿಗೆ ಸಮ. ಸಿದ್ಧಾಂತ ಇಷ್ಟೇ: ವಾಚು ಕಳುವಾದವನು ಅಂಜನಕ್ಕೆ ಮೊದಲು ರಿಪೇರಿ ಅಂಗಡಿಗೆ ಹೋಗತಕ್ಕದ್ದು.

ಯಜಮಾನರು ಹೋದರು. ಹೊಳಲ್ಕೆರೆಯ ಅಂಗಡಿಯವ ಹಳೇ ಪುಸ್ತಕ ತೆಗೆದು, ಕಣ್ಣಿನ ಭೂತಗಾಜು ಸರಿಸಿ, ಹೆಸರನ್ನೂ ನಂಬರನ್ನೂ ಗೀಟನ್ನೂ ಹುಡುಕಿಕೊಟ್ಟ. ಅದೇ ಸಾಲಿನ ಕೊನೆಯಲ್ಲಿ ‘ಸ್ಪ್ರಿಂಗು ಬದಲು, ಬಾಕಿ 40’ ಎಂದೂ ಇತ್ತು. ಪುಟದ ನಕಲು ಬೇಕಾದರೆ ಬಾಕಿ ಕಟ್ಟಬೇಕೆಂಬುದು ಅಂಗಡಿಯವನ ಮತ. ಬಾಕಿಯೇ ಇಲ್ಲವೆಂಬುದು ಯಜಮಾನರ ಮತ.