ಎರಡನೆಯದು ಮಾರಾಟಕ್ಕುಂಟು

ಡೂಪ್ಲಿಕೇಟ್ ಮಾಲು ಎಂಬ ಅನುಮಾನ ಬಂದರೆ ಸಾಕು, ಅಂಗಡಿಯಿಂದ ಇಳಿದು ನಡೆಯುವ ಜನ ನಾವು. ಅಂಥಲ್ಲಿ ‘ನನ್ನಲ್ಲಿ ಡೂಪ್ಲಿಕೇಟ್ ಉಂಟು, ಬೇಕಾ ಮಾರಾಯ್ರೆ?’ ಎಂದು ಎದೆಯುಬ್ಬಿಸಿ ಕೇಳುವವರು ಅಂಚೆಚೀಟಿ ಸಂಗ್ರಾಹಕರು ಮಾತ್ರ. ಅವರ ನಿಘಂಟಿನಲ್ಲಿ ಡೂಪ್ಲಿಕೇಟ್ ಎಂದರೆ ನಕಲಿಯಲ್ಲ, ಅಸಲಿಯೇ, ಆದರೆ ಎರಡನೆಯದು. ಕಾಟಿಪಳ್ಳದಂಥ ಊರಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಪಣಂಬೂರಿನಲ್ಲಿ ನವಮಂಗಳೂರು ಬಂದರಿಗಾಗಿ ನೆಲ ಕಳೆದುಕೊಂಡವರು ಬಂದು ನೆಲೆಸಿದ ಊರು ಅದು. ದೇಶಕ್ಕಾಗಿ ಮನೆ, ತೆಂಗಿನತೋಟ ಬಿಟ್ಟುಬಂದ ಮನೆತನದ ಹಿರಿಯರೂ ಇಪ್ಪತ್ತೈದು ಪೈಸೆಯ ಹಳೆಯ ಚೀಟಿಯೊಂದನ್ನು ಬಿಟ್ಟುಕೊಡಬೇಕಾದಾಗ ಆರು ತಿಂಗಳು ಯೋಚಿಸುತ್ತಾರೆ. ಇವರನ್ನು ವ್ಯಾಪಾರಿ ಎಂದು ಕರೆಯುವುದು ತಪ್ಪು ಎಂಬುದೇ ನನ್ನ ವಾದ.

ಮೊದಲಿಗೆ ಎರಡನೆಯದು ಹುಟ್ಟುವ ಬಗೆಯನ್ನೇ ನೋಡಿ. ಕರಾವಳಿಯ ಮಕ್ಕಳು ಗಲ್ಫಿಗೆ ಹೋಗಿ ಕಾಗದ ಬರೆಯುತ್ತಿದ್ದ ಕಾಲದಲ್ಲಿ ನೆರೆಕರೆಯ ಲಕೋಟೆಗಳೆಲ್ಲ ಇವರ ಬೋಗುಣಿಯ ನೀರಿನಲ್ಲಿ ನೆನೆದು ಚೀಟಿ ಬಿಟ್ಟುಕೊಡುತ್ತಿದ್ದವು. ಒಂದೇ ಚೀಟಿ ನಲವತ್ತು ಸಲ ಬಂದದ್ದು ಕಾಗದ ಬರೆದವರ ತಪ್ಪೆನ್ನೋಣ. ಆದರೆ ಪ್ರಥಮ ದಿನದ ಲಕೋಟೆ, ಅಂದರೆ ಫಸ್ಟ್ ಡೇ ಕವರ್, ತಾನಾಗಿ ಎರಡಾಗುವುದಿಲ್ಲ. ಅಂಚೆ ಇಲಾಖೆಯಲ್ಲಿ 200 ರೂಪಾಯಿ ಕಟ್ಟಿ ಫಿಲಾಟೆಲಿ ಠೇವಣಿ ಖಾತೆ ತೆರೆದು, ಪ್ರತಿ ಬಿಡುಗಡೆಗೂ ಎರಡೆರಡು ಬರೆಸಿದವರು ಇವರೇ. 2006ರಲ್ಲಿ ಗಂಧದ ಪರಿಮಳದ ಅಂಚೆಚೀಟಿ ಬಂದಾಗ ಒಂದು ಇಡಲಿಕ್ಕೆ, ಒಂದು ಮೂಸಲಿಕ್ಕೆ. 2017ರಲ್ಲಿ ಕಾಫಿ ಪರಿಮಳದ್ದು ಬಂದಾಗ ಮೂಸಿದ್ದರ ವಾಸನೆ ಹೋದರೆ ಎಂಬ ಭಯಕ್ಕೆ ಮತ್ತೊಂದು. 2019ರ ಅಕ್ಟೋಬರಿನಲ್ಲಿ ಕರ್ನಾಪೆಕ್ಸ್ ಅಂಚೆಚೀಟಿ ಪ್ರದರ್ಶನ ಮಂಗಳೂರಿಗೇ ಬಂದ ಮೇಲಂತೂ ಕೇಳುವುದೇ ಬೇಡ. ಹೀಗೆ ದುಡ್ಡು ಕೊಟ್ಟು ತಂದ ‘ಹೆಚ್ಚುವರಿ’ಯನ್ನು ಹೆಚ್ಚಾಯಿತೆಂದು ಮಾರಹೊರಡುತ್ತಾರೆ.

ಮಾರಾಟದ ವೈಖರಿ ಇನ್ನೂ ಬಲವಾದ ಸಾಕ್ಷಿ. ಗಿರಾಕಿ ಬಂದ ದಿನ ಎರಡೂ ಲಕೋಟೆಗಳು ಭೂತಗನ್ನಡಿಯ ಕೆಳಗೆ ಬರುತ್ತವೆ. ಒಂದರ ಮುದ್ರೆ ಸ್ಪಷ್ಟ, ಆದರೆ ಮೂಲೆ ಮಡಚಿದೆ. ಇನ್ನೊಂದರ ಮೂಲೆ ನೆಟ್ಟಗಿದೆ, ಆದರೆ ಮುದ್ರೆಯ ಶಾಯಿ ಹರಡಿದೆ. ಅಂದಮೇಲೆ ಇವೆರಡೂ ಬೇರೆ ಬೇರೆಯೇ ಆದವಲ್ಲ! ಬಳಸದ ಚೀಟಿಗಳದ್ದು ಇನ್ನೊಂದು ಕಥೆ. ಆಟಿ ತಿಂಗಳ ತೇವಕ್ಕೆ ಗೋಂದು ಇಳಿದು ಎರಡು ಚೀಟಿ ಒಂದನ್ನೊಂದು ತಬ್ಬಿಕೊಂಡರೆ ಡೂಪ್ಲಿಕೇಟಿನ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಇಷ್ಟೆಲ್ಲ ದಾಟಿ ಉಳಿದದ್ದಕ್ಕೂ ಹೆಣ್ಣು ಕೊಡುವ ತಂದೆಯ ವಿಚಾರಣೆ ಉಂಟು. ಆಲ್ಬಮ್ ಎಲ್ಲಿಡುತ್ತೀರಿ? ಮನೆಯಲ್ಲಿ ಗೆದ್ದಲು ಉಂಟಾ? ಚೀಟಿಯನ್ನು ಬರಿಗೈಯಲ್ಲಿ ಮುಟ್ಟುವವರಾ, ಚಿಮಟದಲ್ಲಿ ಹಿಡಿಯುವವರಾ? ಅಕ್ಕಿ ಮಾರುವವರು ಯಾರೂ ಗಿರಾಕಿಗೆ ಅನ್ನ ಬಸಿಯಲು ಬರುತ್ತದೆಯೇ ಎಂದು ಕೇಳುವುದಿಲ್ಲ.

ಇದೆಲ್ಲ ಬೆಲೆ ಏರಿಸುವ ಉಪಾಯ ಎನ್ನುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. 1948ರ ಗಾಂಧೀಜಿಯ ಹತ್ತು ರೂಪಾಯಿ ಚೀಟಿಯ ಮೇಲೆ ‘ಸರ್ವಿಸ್’ ಎಂದು ಅಚ್ಚೊತ್ತಿದ್ದು ನೂರೇ ನೂರು. ಅದಕ್ಕೆ ಜಗತ್ತೇ ಕೈಚಾಚುತ್ತದೆ. ಕಾಟಿಪಳ್ಳದಲ್ಲಿ ಎರಡೆರಡಾಗಿ ಇರುವುದು ಕಾಸರಗೋಡಿನಲ್ಲೂ ಕಾರ್ಕಳದಲ್ಲೂ ಎರಡೆರಡಾಗಿಯೇ ಇರುತ್ತದೆ. ಎಲ್ಲರೂ ಕೇಳುವುದು ಇವರಲ್ಲಿಲ್ಲ, ಇವರಲ್ಲಿ ಹೆಚ್ಚಾದದ್ದು ಎಲ್ಲರಲ್ಲೂ ಹೆಚ್ಚಾಗಿದೆ. ಲಾಭದ ಆಸೆಗೆ ಇದಕ್ಕಿಂತ ಬಂಜರು ನೆಲ ಸಿಗದು. ಅಪ್ಪಟ ಲಾಭಬುದ್ಧಿ ಹೇಗಿರುತ್ತದೆ ಎಂಬುದಕ್ಕೆ ಬ್ರಿಟಿಷ್ ಗಯಾನದ ಒಂದು ಸೆಂಟಿನ ಚೀಟಿಯ ದಂತಕಥೆ ಉಂಟು. 1922ರಲ್ಲಿ ಅದನ್ನು ಹರಾಜಿನಲ್ಲಿ ಕೊಂಡ ಆರ್ಥರ್ ಹಿಂಡ್ ಎಂಬ ಅಮೆರಿಕದ ಶ್ರೀಮಂತ, ಅಂಥದ್ದೇ ಎರಡನೆಯದು ಸಿಕ್ಕಾಗ ಅದನ್ನೂ ಕೊಂಡು, ಸಿಗಾರಿನ ಕಿಡಿಗೆ ಹಿಡಿದು ಸುಟ್ಟನಂತೆ. ನಿಜವೆಂದು ಯಾರೂ ಸಾಧಿಸಿಲ್ಲ. ನಮ್ಮವರಿಗೆ ಮಾತ್ರ ಆ ಕಥೆ ಕೇಳಿದರೇ ಎದೆ ಉರಿಯುತ್ತದೆ.

ಹಾಗಾದರೆ ಇದು ಶುದ್ಧ ಜಿಪುಣತನವಲ್ಲವೇ? ಅದೂ ಅಲ್ಲ. ಅಂಚೆ ಇಲಾಖೆಯ ದೀನದಯಾಳ್ ಸ್ಪರ್ಶ್ ಯೋಜನೆಯಲ್ಲಿ ಅಂಚೆಚೀಟಿ ಸಂಗ್ರಹಿಸುವ ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಉಂಟು. ಅದರ ಆಸೆಗೆ ಪಕ್ಕದ ಮನೆಯ ಹುಡುಗಿ ‘ಅಜ್ಜ, ಸ್ಟ್ಯಾಂಪ್ ಉಂಟಾ?’ ಎಂದು ಬಂದರೆ, ಗಿರಾಕಿಗೆ ಕೊಡದ್ದೆಲ್ಲ ಮುಷ್ಟಿಗಟ್ಟಲೆ ಪುಕ್ಕಟೆ ಹೋಗುತ್ತದೆ, ಜೊತೆಗೆ ಒಂದು ಗಂಟೆಯ ವಿವರಣೆ. ಅಂದರೆ ಕೈ ತಡೆಯುವುದು ಚೀಟಿಯ ಮೋಹವಲ್ಲ, ಅದರ ಬೆಲೆ. ನಲವತ್ತು ವರ್ಷದ ಅಕ್ಕರೆಗೆ ಇಪ್ಪತ್ತು ರೂಪಾಯಿ ಎಂದು ಕೇಳಿಸಿಕೊಳ್ಳುವುದಕ್ಕಿಂತ ದಾನ ಮಾಡುವುದು ಮರ್ಯಾದೆ. ಇವರು ಹುಡುಕುತ್ತಿರುವುದು ಕೊಳ್ಳುವವರನ್ನಲ್ಲ, ನೋಡುವವರನ್ನು.

ಇಷ್ಟಾಗಿಯೂ ದೂರದೂರಿನ ಗಿರಾಕಿಯೊಬ್ಬರು ಹಟ ಹಿಡಿದು ಕೊಂಡೇಬಿಟ್ಟರು ಎನ್ನಿ. ಆಗ ಪೊಟ್ಟಣದ ಮೇಲೆ ಅಂಚೆಯವರ ಅಚ್ಚಿನ ಚೀಟಿ ಬೀಳಲು ಇವರು ಬಿಡುವುದಿಲ್ಲ. ಬಣ್ಣಬಣ್ಣದ ಸ್ಮರಣಾರ್ಥ ಚೀಟಿಗಳನ್ನೇ ಸಾಲಾಗಿ ಅಂಟಿಸಿ, ಮುದ್ರೆ ನಿಧಾನ ಒತ್ತಿ ಎಂದು ಗುಮಾಸ್ತರನ್ನು ಬೇಡಿಕೊಳ್ಳುತ್ತಾರೆ. ಒಳಗಿನ ಕಾಗದದಲ್ಲಿ ಎರಡೇ ಸಾಲು: ಮಾಲು ನಿಮಗೆ, ಹೊರಗಿನ ಲಕೋಟೆಯನ್ನು ದಯವಿಟ್ಟು ಜೋಪಾನವಾಗಿ ಹಿಂದೆ ಕಳಿಸಿ. ಸಾಧ್ಯವಾದರೆ, ನಿಮ್ಮೂರಿನ ಮುದ್ರೆಯಿರುವ ಎರಡು ಲಕೋಟೆಗಳಲ್ಲಿ.