ಗರಡಿಯಾಗ ಹಾಜರಿ ಐತ್ರಿ

ಅಥಣಿ ಕಡೆಯ ಒಂದು ಕಾಲೇಜು. ಕುಸ್ತಿಗೆ ಹೆಸರು ಬರೆಸುವ ದಿನ. ಪೈಲ್ವಾನ ಬಾಗಿಲಲ್ಲಿ ಅಡ್ಡ ತಿರುಗಿ ಒಳಬಂದ.

“ಅಂತರ ವಿಶ್ವವಿದ್ಯಾಲಯಕ್ಕ 25 ದಾಟಿರಬಾರದು ತಮ್ಮಾ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದ 2010ರಾಗ. ನೀ ಅದರಕಿಂತ ಹಳೇ ವಿದ್ಯಾರ್ಥಿ ಕಾಣ್ತಿ!”

“ದಾಖಲೆದಾಗ 24 ಐತ್ರಿ ಸರ.”

“ಹಾಜರಿ?”

“ಗರಡಿಯಾಗ ನೂರಕ್ಕ ನೂರರಿ.”

“ಕ್ಲಾಸಿನ್ಯಾಗ?”

“ಬೆಂಚಿನ್ಯಾಗ ತೊಡಿ ಹಿಡಿಯಂಗಿಲ್ರಿ.”

“ಹೋದ ವರ್ಷ ಚಿಕ್ಕೋಡಿಯಿಂದ ಆಡಿದ್ದೆಲ್ಲ?”

“ನಿಪ್ಪಾಣಿಯಿಂದರಿ. ಚಿಕ್ಕೋಡಿ ಅದರ ಹಿಂದಿನ ವರ್ಷ. ಅಲ್ಲೆ ಪಾಸ್ ಮಾಡಿಬಿಡ್ತಾರಂತ ಹೆದರಿ ಬಿಟ್ನಿ.”

“ನಿಯಮದ ಪ್ರಕಾರ ನೀ ಅನರ್ಹ.”

“ಆತ್ರಿ. ಕಾಗವಾಡ ದಾಟಿದ್ರ ಮಿರಜ. ಅಲ್ಲೆ ಶಿವಾಜಿ ವಿಶ್ವವಿದ್ಯಾಲಯದ ಕಾಲೇಜು ಅದಾವು.”

ಸರ್ ಪೆನ್ನಿನ ಟೊಪಗಿ ತೆಗೆದರು.

“ಕೂಡ್ರೋ ಮಾರಾಯಾ! ಏ ಸಿಪಾಯಿ, ಎರಡ ಚಹಾ ಹೇಳು. ಹಂಗ ಹಾಜರಿ ಪುಸ್ತಕಾನೂ ತಗೊಂಬಾ.”