ಮೊಟ್ಟೆ ಬಿಟ್ಟ ಬ್ರೌನಿ

ಬ್ರೌನಿ ಅಮೆರಿಕದ ತಿನಿಸು. ಕೇಕಿನಂತೆ ಉಬ್ಬದಿರುವುದೇ ಅದರ ಹೆಚ್ಚುಗಾರಿಕೆ. ಹಿಟ್ಟು ಕಡಿಮೆಯಾಗಿ ಜಿಡ್ಡು ಹೆಚ್ಚಾದರೆ ಒಳಗೆ ಫಡ್ಜಿನ ಅಂಟು ಬರುತ್ತದೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ವೀಗನ್’ ಎಂಬ ಪದ ಈ ತಟ್ಟೆಗೂ ಕೈಹಾಕಿ ಮೊಟ್ಟೆ, ಬೆಣ್ಣೆ, ಹಾಲು ಮೂರನ್ನೂ ಹೊರಗಟ್ಟಿತು. ಒಂದು ಮೊಟ್ಟೆಯ ಜಾಗಕ್ಕೆ 1 ದೊಡ್ಡ ಚಮಚ ಅಗಸೆಪುಡಿ, 3 ದೊಡ್ಡ ಚಮಚ ನೀರು. ಸ್ವಲ್ಪ ಹೊತ್ತಿಗೆ ಲೋಳೆಯಾಗಿ ಅದು ಹಿಟ್ಟನ್ನು ಹಿಡಿದಿಡುತ್ತದೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಪಕ್ಕ ಚಟ್ನಿಪುಡಿಯಾಗಿ ಕೂರುವ ಅಗಸೆಗೆ ಇದು ಬಡ್ತಿಯೋ ವರ್ಗಾವಣೆಯೋ ಹೇಳುವುದು ಕಷ್ಟ. ಸಕ್ಕರೆಯ ಬದಲು ಅರೆದ ಖರ್ಜೂರ. ಅದರಲ್ಲಿ ನಾರೂ ಇದೆ, ಸಕ್ಕರೆಯೂ ಇದೆ. ಎರಡನೆಯದರ ಸುದ್ದಿ ಯಾರೂ ಎತ್ತುವುದಿಲ್ಲ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 25 ನಿಮಿಷ ಬೇಯಿಸಿ, ಚುಚ್ಚಿದ ಕಡ್ಡಿಗೆ ತುಸು ಅಂಟುವಾಗಲೇ ತೆಗೆಯಬೇಕು. ಆರಿದ ಮೇಲೆ ಫ್ರಾಸ್ಟಿಂಗ್: ಕೋಕೋ ಪುಡಿಯೊಂದಿಗೆ ರುಬ್ಬಿದ ಬೆಣ್ಣೆಹಣ್ಣು. ಹೊರಗಟ್ಟಿದ ಬೆಣ್ಣೆ ಹೀಗೆ ಹೆಸರಿನಲ್ಲಾದರೂ ಮನೆಗೆ ಮರಳುತ್ತದೆ.